ಬ್ರೆಜಿಲಿಗೆ ಹೊರಟ ಬಸ್ಸು

ಹಂಪನಕಟ್ಟೆಯ ಬಸ್‌ಸ್ಟ್ಯಾಂಡಿನಲ್ಲಿ ಜಯ ಬಾಯಿ ತೆರೆದನೆಂದರೆ ಜನ ಎದ್ದು ಓಡುತ್ತಿದ್ದರು. ಹೆದರಿ ಅಲ್ಲ, ಬಸ್ಸು ತಪ್ಪೀತೆಂದು. ಬಟ್ಟೆ ಅಂಗಡಿಯಲ್ಲಿ ಸೀರೆಯ ಸೆರಗು ಬಿಡಿಸಿ ನೋಡುತ್ತಿದ್ದ ಹೆಂಗಸು ಸೆರಗನ್ನು ಅಂಗಡಿಯವನ ಕೈಯಲ್ಲೇ ಬಿಟ್ಟು ಓಡುವಳು. ಹೋಟೆಲಿನಲ್ಲಿ ಚಹಾ ಆರಿಸುತ್ತ ಕುಳಿತವನು ಇದ್ದ ಬಿಸಿಯಲ್ಲೇ ಒಂದು ಗುಟುಕಿಗೆ ಗಂಟಲಿಗಿಳಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಓಡುವನು. ಕ್ಷೌರದಂಗಡಿಯಿಂದ ಅರ್ಧ ಗಡ್ಡದಲ್ಲೇ ಎದ್ದು ಬಂದು, ಉಳಿದರ್ಧವನ್ನು ಸುರತ್ಕಲ್ಲಿನಲ್ಲಿ ತೆಗೆಸಿಕೊಂಡವರೂ ಇದ್ದರು.

'ಕೊಟ್ಟಾರ ಕೂಳೂರು ಪಣಂಬೂರು ಸುರತ್ಕಲ್ ಮುಕ್ಕ ಮೂಲ್ಕೀ!' ಕೊನೆಯ 'ಕೀ'ಯನ್ನು ಅವನು ಎಳೆಯುತ್ತಿದ್ದ ರೀತಿಯೇ ಬೇರೆ. ಜೊತೆಗೆ ಬಸ್ಸಿನ ತಗಡಿನ ಮೇಲೆ ಅಂಗೈಯಿಂದ ಎರಡು ಗಿಡ್ಡ ಪೆಟ್ಟು, ಒಂದು ಉದ್ದ ಪೆಟ್ಟು. ಆಮೇಲೆ 'ರೈಟ್ ಪೋಯಿ!' ಅಲ್ಲಿಗೆ ಬಸ್ಸು ಹೊರಟಿತೆಂದೇ ಅರ್ಥ.

ಅವನು ಆ ಬಸ್ಸಿನ ಏಜೆಂಟ್. ಏಜೆಂಟ್ ಎಂದೊಡನೆ ಕೋಟು ತೊಟ್ಟು ಚೀಲ ಹಿಡಿದವನೆಂದು ತಿಳಿಯಬಾರದು. ಬಸ್ಸು ಅವನದಲ್ಲ, ಸ್ಟೇರಿಂಗ್ ಅವನದಲ್ಲ, ಟಿಕೆಟಿನ ಪುಸ್ತಕವೂ ಅವನದಲ್ಲ. ಅವನದೆಂದು ಇರುವುದು ಗಂಟಲೊಂದೇ. ಜನರನ್ನು ಕೂಗಿ ಕರೆದು, ಬಸ್ಸು ತುಂಬಿಸಿ, ಹೊತ್ತಿಗೆ ಸರಿಯಾಗಿ ಕಳಿಸಿಕೊಡುವುದು ಅವನ ಉದ್ಯೋಗ. ಹಿಂದೆಯೇ ಇನ್ನೊಂದು ಕಂಪೆನಿಯ ಬಸ್ಸು ಹಸಿದ ಹುಲಿಯ ಹಾಗೆ ಕಾದಿರುತ್ತದೆ. ಎರಡು ನಿಮಿಷ ತಡವಾದರೆ ಈ ಬಸ್ಸಿನ ಜನ ಆ ಬಸ್ಸಿನ ಪಾಲು. ಅರವತ್ತರ ದಶಕ ಮುಗಿಯುವ ಹೊತ್ತಿಗೆ ಇದೇ ಜಯ ನೂರಾರು ಮದುವೆ ಚಪ್ಪರಗಳಲ್ಲಿ ಹಾಡಿ, ಮಂಗಳೂರಿನಲ್ಲಿ ರಾಕ್ ಎಂಡ್ ರೋಲ್ ಎಂದರೆ ಜಯಣ್ಣ ಎನ್ನಿಸಿಕೊಂಡ. ಮದುಮಕ್ಕಳು ಸಿಕ್ಕಿದರೂ ಜಯಣ್ಣ ಸಿಗುವುದಿಲ್ಲ ಎಂದು ದಿಬ್ಬಣದವರು ಗೊಣಗುವ ಕಾಲ ಅದು. ಆದರೆ ಬಸ್ಸಿನ ತಗಡಿನಿಂದ ಮದುವೆಯ ಮೈಕಿಗೆ ಅವನು ಬಂದ ದಾರಿ ಸಲೀಸಿನದಾಗಿರಲಿಲ್ಲ.

ಹುಟ್ಟಿದ್ದು ಬೋಳಾರದಲ್ಲಿ, ಹೆಂಚಿನ ಕಾರ್ಖಾನೆಯ ಹೊಗೆ ಬೀಳುವಷ್ಟು ಹತ್ತಿರದಲ್ಲಿ. ತಾಯಿ ದೇಯಿ ಆ ಕಾರ್ಖಾನೆಯಲ್ಲೇ ಹಸಿ ಹೆಂಚು ಹೊರುವ ಕೆಲಸದವಳು. ತಂದೆ ಇವನು ತೊಟ್ಟಿಲಲ್ಲಿರುವಾಗಲೇ ತೀರಿಕೊಂಡಿದ್ದ. ಚಿಕ್ಕಂದಿನಲ್ಲಿ ಇವನನ್ನು ಭಜನೆಗೆ ಕೂರಿಸಿದರೆ ಉಳಿದ ಹತ್ತು ಮಂದಿ ಬಾಯಿ ಆಡಿಸುವುದಷ್ಟೇ ಕಾಣುತ್ತಿತ್ತು; ಕೇಳುತ್ತಿದ್ದುದು ಇವನೊಬ್ಬನೇ. ಭಜನೆಯ ಹಿರಿಯರು ಉಪಾಯವಾಗಿ ತಾಳ ಕೊಟ್ಟು ಮೂಲೆಯಲ್ಲಿ ಕೂರಿಸಿದರು. 'ನೀನು ತಾಳ ಹಾಕು ಮಗ, ಹಾಡುದು ನಾವು ನೋಡಿಕೊಳ್ತೇವೆ.' ಜಯ ತಾಳ ಹಾಕಿದ. ಆದರೆ ಹಾಡುವ ಆಸೆ ಹೊಟ್ಟೆಯೊಳಗೇ ಉಳಿಯಿತು. ದೊಡ್ಡವನಾದ ಮೇಲೆ ಬಸ್ಸಿನ ಧಣಿ ಉಮರಬ್ಬನವರ ಕಿವಿಗೆ ಆ ದನಿ ಬಿತ್ತು. ಅವರು ಹಿಂದೆ ಮುಂದೆ ನೋಡದೆ ಏಜೆಂಟ್ ಮಾಡಿಕೊಂಡರು. ಕೂಗಿದರೆ ಅನ್ನ ಹುಟ್ಟುತ್ತದೆಂದು ದೇಯಿಗೂ ನೆಮ್ಮದಿಯಾಯಿತು.

ಆ ಬಸ್ಸಿನಲ್ಲಿ ದಿನಾ ಕೊಟ್ಟಾರಕ್ಕೆ ಹೋಗುವ ಒಬ್ಬ ಮನುಷ್ಯ ವಾರಕ್ಕೆ ಮೂರು ಸಲವಾದರೂ ಬಸ್ಸು ತಪ್ಪಿಸಿಕೊಳ್ಳುತ್ತಿದ್ದ, ಅದೂ ಬಸ್ಸಿನ ಪಕ್ಕದಲ್ಲೇ ನಿಂತುಕೊಂಡು. ಅವನ ಹೆಸರು ಮೊರಿಸ್. ಕೊಡಿಯಾಲ್‌ಬೈಲಿನ ಒಂದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುವುದು ಅವನ ಕೆಲಸ. ಮದುವೆಯ ದಿನಗಳಲ್ಲಿ ಮಾತ್ರ ಗಿಟಾರ್ ಹಿಡಿದು ನಾಲ್ಕು ಜನರ ಬ್ಯಾಂಡಿಗೆ ಯಜಮಾನ. ಸಾವಿರದ ಒಂಬೈನೂರ ಅರುವತ್ತನೆಯ ಇಸವಿಯ ಒಂದು ಸಂಜೆ, ಹೀಗೆ ಬಸ್ಸು ಬಿಟ್ಟು ನಿಂತವನ ಬಳಿಗೆ ಜಯನೇ ಹೋದ. ಇಬ್ಬರೂ ಆಡಿದ್ದು ತುಳುವಿನಲ್ಲಿ. ಕಥೆ ಕನ್ನಡದ್ದಾದ ಕಾರಣ ಮಾತೂ ಕನ್ನಡಕ್ಕೆ ಬಂದಿದೆ; ಕ್ರೈಸ್ತರನ್ನು ಗೌರವದಿಂದ ಕರೆಯುವ 'ಪೊರ್ಬು' ಒಂದು ಮಾತ್ರ ಹಾಗೇ ಉಳಿದಿದೆ.

'ಎಂತ ಪೊರ್ಬುಗಳೇ, ನಿಮ್ಮ ಮೂಗಿನ ಎದುರೇ ಬಸ್ಸು ಹೋಯ್ತಲ್ಲ?'

'ಹೋಗ್ಲಿ ಮಾರಾಯ. ನೀನು ಎಂತ ಕೂಗುದು ಅಂತ ನಿನಗೆ ಗೊತ್ತುಂಟಾ?'

'ಬಸ್ಸು.'

'ಅಲ್ಲ. ಅದು ರಾಕ್ ಎಂಡ್ ರೋಲ್.'

ಜಯ ತಲೆ ಕೆರೆದುಕೊಂಡ. 'ಅದು ಯಾವ ರೂಟಿನದ್ದು?'

ಮೊರಿಸ್ ಅವನ ಹೆಗಲ ಮೇಲೆ ಕೈ ಹಾಕಿ ನಕ್ಕ ನಗುವಿನಲ್ಲಿ ಮುಂದಿನ ಬಸ್ಸೂ ಹೋಯಿತು. ಮರುದಿನ ಭಾನುವಾರ ಜಯ ಕೊಟ್ಟಾರದಲ್ಲಿ ಅವನ ಮನೆಯ ಜಗಲಿಯಲ್ಲಿದ್ದ.

ಆ ಮನೆಯಲ್ಲಿ ಮೂವರು. ಮೊರಿಸ್, ಕಾನ್ವೆಂಟ್ ಶಾಲೆಯಲ್ಲಿ ಪಾಠ ಹೇಳುವ ಅವನ ತಂಗಿ ಒಲಿಂಡಾ, ಮತ್ತು ಅವರ ತಾಯಿ ಲೂರ್ಡ್ಸ್ ಬಾಯಿ. ಹಡಗಿನಲ್ಲಿ ಅಡುಗೆಯವನಾಗಿದ್ದ ಅವರ ಸಂಬಂಧಿಕನೊಬ್ಬ ಕಾಫಿ ತುಂಬಿಸಲು ಬ್ರೆಜಿಲಿನ ಬಂದರಿಗೆ ಹೋಗಿದ್ದಾಗ ಒಂದು ಗ್ರಾಮಫೋನ್ ತಟ್ಟೆ ತಂದುಕೊಟ್ಟಿದ್ದ. ದಾರಿಯಲ್ಲಿ ಉಪ್ಪುನೀರು ಬಿದ್ದು ಲೇಬಲ್ಲಿನ ಅಕ್ಷರವೆಲ್ಲ ಅಳಿಸಿಹೋಗಿ, ಹಾಡಿದವಳ ಹೆಸರೇನೆಂದು ಯಾರಿಗೂ ಗೊತ್ತಿರಲಿಲ್ಲ. ಬ್ರೆಜಿಲಿನ ಹುಡುಗಿ ಎಂದೇ ಮನೆಯಲ್ಲಿ ಕರೆಯುತ್ತಿದ್ದರು. ಮೊರಿಸ್ ಕೀಲಿ ತಿರುಗಿಸಿ ಮುಳ್ಳು ಇಟ್ಟ.

ಜಯ ಸಿನಿಮಾದ ಹಾಡು ಕೇಳಿದವನು, ಸಿಲೋನ್ ರೇಡಿಯೋದಲ್ಲಿ ಇಂಗ್ಲಿಷ್ ಹಾಡೂ ಒಂದೆರಡು ಕೇಳಿದವನು. ಇಂಥದ್ದು ಕೇಳಿರಲಿಲ್ಲ. ಆ ಹುಡುಗಿ ಹಾಡುತ್ತಿರಲಿಲ್ಲ, ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತ ಯಾರನ್ನೋ ಕರೆಯುತ್ತಿದ್ದಳು, ಅಷ್ಟು ಸಲೀಸು. ನಡುನಡುವೆ ನಗುತ್ತಲೂ ಇದ್ದಳು. ಹಿಂದಿನಿಂದ ಎರಡು ಗಿಡ್ಡ ಪೆಟ್ಟು, ಒಂದು ಉದ್ದ ಪೆಟ್ಟು. ಜಯನ ಅಂಗೈ ತಾನಾಗಿಯೇ ಜಗಲಿಯ ಕಂಬಕ್ಕೆ ಬಡಿಯತೊಡಗಿತು.

'ಇದು ಇಂಗ್ಲಿಷಾ?' ಎಂದ ಜಯ.

'ಅಲ್ಲ, ಪೋರ್ಚುಗೀಸ್. ಅವರ ಊರಿನ ಮಾತು,' ಎಂದಳು ಒಲಿಂಡಾ.

ಒಳಗಿನಿಂದ ಮೀನು ಕೊಯ್ಯುತ್ತಿದ್ದ ಲೂರ್ಡ್ಸ್ ಬಾಯಿ ಕೂಗಿ ಹೇಳಿದರು: 'ಈಗ ಅವಳು ಜನೆಲ್ ಅಂದ್ಲು, ಕಿಟಕಿ! ನಮ್ಮ ಕೊಂಕಣಿಯಲ್ಲಿ ಹೇಳುವ ಹಾಗೇ!' ಅವರಿಗೆ ಇಡೀ ಹಾಡಿನಲ್ಲಿ ಅರ್ಥವಾಗುತ್ತಿದ್ದುದು ಆ ಕಿಟಕಿಯೊಂದೇ. ಪ್ರತಿ ಸಲವೂ ಹೊಸದಾಗಿ ಸಂತೋಷಪಡುತ್ತಿದ್ದರು.

ತಟ್ಟೆ ನಿಂತ ಮೇಲೂ ಜಯನ ಅಂಗೈ ಕಂಬ ಬಡಿಯುತ್ತಲೇ ಇತ್ತು. ಆಮೇಲೆ ನಿಧಾನವಾಗಿ ಕೇಳಿದ: 'ಅವಳು ಅವಳ ಮನೆ ಮಾತಿನಲ್ಲಿ ಹಾಡಬಹುದಾದ್ರೆ, ನಾನು ನನ್ನದರಲ್ಲಿ ಹಾಡಿದ್ರೆ ಆಗ್ತದಲ್ಲ ಒಲಿಂಡಾ ಬಾಯಿ?'

'ಯಾಕಾಗ್ಬಾರದು? ಅವಳೇನು ನಿನ್ನ ಹತ್ರ ಕೇಳಿ ಹಾಡಿದ್ಲಾ?'

ಆ ಒಂದು ಮಾತಿಗೆ ಜಯನಿಗಾದ ಖುಷಿಯನ್ನು ಹೇಳಿ ಮುಗಿಯದು. ಹೊಟ್ಟೆಯೊಳಗೆ ಇಷ್ಟು ವರ್ಷ ತಾಳ ಹಾಕುತ್ತ ಕುಳಿತಿದ್ದ ಆಸೆ ಎದ್ದು ನಿಂತಿತು. ಅವನು, ಮೊರಿಸ್, ಒಲಿಂಡಾ ಮೂವರೂ ಸೇರಿ ತುಳುವಿನಲ್ಲಿ ಒಂದು ಹಾಡು ಕಟ್ಟಿದರು: ಬಂಗುಡೆ ಮಾರುವ ಹೆಂಗಸಿನ ಬುಟ್ಟಿಯ ಹಿಂದೆ ಕಾಗೆಯೊಂದು ಮದುಮಗನಂತೆ ಠೀವಿಯಿಂದ ಹೋಗುವ ಕಥೆ. ಪ್ರತಿ ಭಾನುವಾರ ಅಭ್ಯಾಸ. ಬೇಲಿಯಾಚೆಯ ನಾಯಿಗಳು ಮೊದಲೆರಡು ವಾರ ವಿರೋಧಿಸಿ, ಮೂರನೆಯ ವಾರದಿಂದ ಒಪ್ಪಿಕೊಂಡವು.

ಮುಂದಿನ ಜನವರಿಯಲ್ಲಿ ಮೊದಲ ಮದುವೆ. ಕೊಡಿಯಾಲ್‌ಬೈಲಿನ ಒಂದು ದೊಡ್ಡ ಮನೆಯ ಅಂಗಳದಲ್ಲಿ ಚಪ್ಪರ, ಮಧ್ಯಾಹ್ನದ ಊಟ, ಗಂಡಿನ ಕಡೆಯವರು ನಲವತ್ತು ಜನ ಸುರತ್ಕಲ್ಲಿನಿಂದ ಬಂದವರು. ಜಯ ಮೊರಿಸನ ಕೋಟು ಹಾಕಿಕೊಂಡಿದ್ದ. ತೋಳು ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಬಂದು ನಿಂತಿತ್ತು. ಕೇಕು ಕತ್ತರಿಸಿಯಾಗಿತ್ತು. ಇನ್ನೊಂದು ಹಾಡು, ಆಮೇಲೆ ಮದುಮಕ್ಕಳ ಸೌಖ್ಯಕ್ಕೆ ಗ್ಲಾಸು ಎತ್ತುವ ಟೋಸ್ಟ್, ಆಮೇಲೆ ಊಟ. ಮದುಮಗಳ ತಂದೆ ಟೋಸ್ಟಿನ ಭಾಷಣವನ್ನು ಕಿಸೆಯಲ್ಲಿಟ್ಟುಕೊಂಡು ಬೆವರುತ್ತಿದ್ದರು.

ಜಯ ಕಣ್ಣು ಮುಚ್ಚಿಕೊಂಡ. ಮೊರಿಸ್ ಗಿಟಾರಿನ ತಂತಿ ಮೀಟಿದ. ಹಾಡು ಶುರುವಾಗುವ ಮೊದಲು ಒಂದು ಉದ್ದದ ಕೂಗು ಹಾಕಬೇಕೆಂದು ಅಭ್ಯಾಸದಲ್ಲಿ ಮಾಡಿಕೊಂಡಿದ್ದರು, ಆ ಬ್ರೆಜಿಲಿನ ಹುಡುಗಿ ಹಾಕಿದ ಹಾಗೆ. ಜಯ ಹಾಕಿದ. ಸುಮ್ಮನೆ ಒಂದು 'ಓ', ಅದರಲ್ಲಿ ಊರಿನ ಹೆಸರಿರಲಿಲ್ಲ, ಏನೂ ಇರಲಿಲ್ಲ. ಆದರೆ ಆ ದನಿ ಆ ಜನಕ್ಕೆ ಹತ್ತು ವರ್ಷದಿಂದ ಗೊತ್ತು. ಕಿವಿಗೆ ಬಿದ್ದ ಕೂಡಲೇ ಕಾಲು ಎದ್ದವು, ತಲೆ ಆಮೇಲೆ.

ಅವನು ಕಣ್ಣು ತೆರೆದಾಗ ಸುರತ್ಕಲ್ಲಿನ ನಲವತ್ತೂ ಜನ ಎದ್ದಾಗಿತ್ತು. ಕೊಡೆ ಹಿಡಿದುಕೊಂಡರು, ಕಳಚಿಟ್ಟ ಚಪ್ಪಲಿ ಹುಡುಕಿದರು, ನಿದ್ದೆ ಹೋಗಿದ್ದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡರು. ಮದುಮಗನ ದೊಡ್ಡಮ್ಮ ಎಲ್ಲರಿಗಿಂತ ಮುಂದೆ. ಮದುಮಗ ಸ್ವತಃ ಅರ್ಧ ಎದ್ದು, ಪಕ್ಕದಲ್ಲಿ ಹೆಂಡತಿಯಿರುವುದು ನೆನಪಾಗಿ ಕುಳಿತ. ಎರಡು ನಿಮಿಷದಲ್ಲಿ ಅರ್ಧ ಚಪ್ಪರ ಖಾಲಿಯಾಗಿ, ಉರಿಬಿಸಿಲಿನಲ್ಲಿ ರಸ್ತೆಯ ಬದಿಗೆ ಸಾಲುಗಟ್ಟಿ ನಿಂತಿತು. ಬಸ್ಸು ಎಲ್ಲಿ? ಬಸ್ಸಿಲ್ಲ. ಬಸ್ಸು ಬರುವ ರಸ್ತೆಯೇ ಅದಲ್ಲ. 'ಏಜೆಂಟ್ ಕೂಗಿದ್ದು ಕೇಳ್ಲಿಲ್ವಾ ನಿಮಗೆ?' ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಟೋಸ್ಟಿನ ಭಾಷಣ ಕಿಸೆಯಲ್ಲೇ ಒದ್ದೆಯಾಯಿತು. ಮೊರಿಸ್ ನಕ್ಕೂ ನಕ್ಕೂ ಗಿಟಾರಿನ ಮೇಲೆಯೇ ಬಿದ್ದ.

ಜಯ ನಗಲಿಲ್ಲ. ಕೋಟು ಬಿಚ್ಚಿಕೊಟ್ಟು ನಡೆದುಕೊಂಡೇ ಬೋಳಾರಕ್ಕೆ ಹೋದ. ಅಂದು ದೇಯಿ ಮುಂದೆ ಅನ್ನ ಇಟ್ಟರೂ ಕೈ ಹಾಕಲಿಲ್ಲ.

'ಎಂತಾಯ್ತು ಮಗ?'

'ನನ್ನ ದನಿ ಕೇಳಿದ್ರೆ ಜನ ಎದ್ದು ಹೋಗ್ತಾರಮ್ಮ. ಒಂದೇ ಒಂದು ಸಲ ಕೂತು ಕೇಳಿದ್ರೆ ಸಾಕಿತ್ತು ನನಗೆ. ಒಂದು ಹಾಡು, ಸುರುವಿಂದ ಕೊನೆವರೆಗೆ. ಬೇರೆ ಎಂತದೂ ಬೇಡ.'

ದೇಯಿ ಅನ್ನದ ಬಟ್ಟಲನ್ನು ಅವನ ಹತ್ತಿರಕ್ಕೆ ಸರಿಸಿದಳು. 'ಉಣ್ಣು,' ಎಂದಳು ಆಮೇಲೆ. 'ಹಸಿದವನ ಹಾಡು ಯಾರು ಕೇಳ್ತಾರೆ?'

ಸುದ್ದಿ ಮಂಗಳೂರೆಲ್ಲ ಹಬ್ಬಿತು. ಆದರೆ ನಿಜವಾದ ಫಜೀತಿ ಬಂದದ್ದು ಆಮೇಲೆ. ಮೊರಿಸ್ ಬಿಡುವ ಆಸಾಮಿಯಲ್ಲ. ಬೇರೆ ಮದುವೆಗಳಿಗೂ ಕರೆದುಕೊಂಡು ಹೋದ. ಬಸ್ಸಿನ ರೂಟಿನವರಲ್ಲದ, ಕಾರ್ಕಳ ಕಡೆಯ ದಿಬ್ಬಣಗಳಲ್ಲಿ ನಾಲ್ಕಾರು ಜನ ಕೇಳಿದರು, ಮೆಚ್ಚಿದರು ಕೂಡ. ಪೇಟೆಯ ಕಾಲೇಜು ಹುಡುಗರಿಗೆ ಜಯ ಹಾಡುವವನೆಂದು ತಿಳಿಯಿತು. ಅಲ್ಲಿಂದ ಮುಂದೆ ಹಂಪನಕಟ್ಟೆಯಲ್ಲಿ ಅವನು 'ಕೊಟ್ಟಾರ ಕೂಳೂರು' ಎಂದರೆ ಹುಡುಗರು ಸುತ್ತ ನಿಂತು ಚಪ್ಪಾಳೆ ತಟ್ಟತೊಡಗಿದರು. 'ಇನ್ನೊಮ್ಮೆ ಜಯಣ್ಣ, ಆ ಮೂಲ್ಕಿ ಇನ್ನೊಮ್ಮೆ!' ಅವರನ್ನು ನೋಡಿ ಪ್ರಯಾಣಿಕರೂ ನಿಂತರು. ಕೇಳಿ ತಲೆದೂಗಿದರು. ಬಸ್ಸು ಅರ್ಧ ಖಾಲಿ ಹೋಯಿತು; ಹಿಂದಿನ ಕಂಪೆನಿಯ ಬಸ್ಸು ಹೊಟ್ಟೆ ತುಂಬ ಜನರನ್ನು ಹೇರಿಕೊಂಡು ತೇಗುತ್ತ ಹೋಯಿತು.

ಚಪ್ಪರದಲ್ಲಿ ಹಾಡಿದರೆ ಬಸ್ಸಿಗೆ ಓಡುವ ಜನ, ಬಸ್ಸು ಕರೆದರೆ ಹಾಡೆಂದು ನಿಲ್ಲುವ ಜನ! ಎರಡು ದೋಣಿಯಲ್ಲಿ ಕಾಲಿಟ್ಟವನಿಗೆ ನೀರೇ ಗತಿ ಎನ್ನುತ್ತಾರೆ. ಜಯನ ಎರಡೂ ದೋಣಿಗೆ ಒಟ್ಟಿಗೇ ತೂತು ಬಿದ್ದಿತ್ತು.

ಉಮರಬ್ಬನವರು ಕೆಟ್ಟ ಮನುಷ್ಯರಲ್ಲ. ಬಂದರಿನಲ್ಲಿ ಒಣಮೀನು ವ್ಯಾಪಾರ ಮಾಡುತ್ತಿದ್ದ ತಂದೆಯ ಮಗನಾಗಿ, ಮದ್ರಾಸಿನಿಂದ ಹಳೆಯ ಬಸ್ಸೊಂದನ್ನು ತಂದು, ಅದನ್ನು ಮೂರು ಮಾಡಿದವರು. ತಪ್ಪು ಮಾಡಿದವನಿಗೆ ಮೊದಲು ಚಹಾ ಕುಡಿಸಿ ಆಮೇಲೆ ಬೈಯುವುದು ಅವರ ಕ್ರಮ. ಅಂದು ಜಯನಿಗೆ ಎರಡು ಚಹಾ ಬಂತು. ಪ್ರಕರಣ ಗಂಭೀರವೆಂದು ಅವನಿಗೆ ಗೊತ್ತಾಯಿತು.

'ಜಯ, ನೀನು ಹಾಡುದು ಬೇಡ ಅಂತ ನಾನು ಹೇಳುದಿಲ್ಲ. ಪ್ರಾಯದಲ್ಲಿ ನಾನೂ ನಮ್ಮವರ ಮದುವೆಯಲ್ಲಿ ಕೈ ತಟ್ಟಿಕೊಂಡು ಕೈಮುಟ್ಟು ಪದ ಹೇಳಿದವನೇ. ಆದ್ರೆ ನನ್ನ ಬಸ್ಸಿಗೆ ಜನ ಹತ್ಬೇಕಲ್ಲ ಮಾರಾಯ? ಒಂದಾ ಕೂಗು, ಇಲ್ಲದಿದ್ರೆ ಹಾಡು. ಎರಡೂ ಆಗುದಿಲ್ಲ.'

'ಎರಡೂ ಬೇಕು ಧಣಿಗಳೇ. ಕೂಗದಿದ್ರೆ ಅಮ್ಮ ಉಪವಾಸ. ಹಾಡದಿದ್ರೆ ನಾನು.'

ಉಮರಬ್ಬ ಗಡ್ಡ ನೀವಿಕೊಂಡರು. 'ಸರಿ, ಸ್ವಲ್ಪ ದಿನ ನೋಡುವ,' ಎಂದರು.

ಜಯ ಹಾಡುವ ದನಿಯನ್ನೇ ಬದಲಿಸಲು ಹೊರಟ. ಮೂಗಿನಿಂದ ಹಾಡಿ ನೋಡಿದ. ಕಾಳುಮೆಣಸಿನ ಕಷಾಯ ಕುಡಿದು ಕಾಲು ದನಿಯಲ್ಲಿ ಹಾಡಿ ನೋಡಿದ. ಮೂರು ತಿಂಗಳು ಹೀಗೆ ನಡೆದ ಮೇಲೆ ಒಂದು ಭಾನುವಾರ ಒಲಿಂಡಾ ಕೈಯಲ್ಲಿದ್ದ ಮಕ್ಕಳ ಉತ್ತರಪತ್ರಿಕೆಯ ಕಟ್ಟನ್ನು ಟಪ್ಪೆಂದು ಕೆಳಗಿಟ್ಟಳು.

'ಸಾಕು ಜಯ. ಇದು ಯಾರ ದನಿ? ಶೀತ ಆದವನದ್ದಾ? ಜನರಿಗೆ ಬಸ್ಸು ನೆನಪಾಗ್ತದೆ ಅಂತ ಬಸ್ಸನ್ನು ಅಡಗಿಸಿಟ್ರೆ ಅದು ಅಡಗ್ತದಾ? ಎದುರಿಗೇ ತಂದು ನಿಲ್ಲಿಸು. ಆ ಬಸ್ಸಿನದ್ದೇ ಹಾಡು ಮಾಡು.'

'ಹಾಗೆ ಮಾಡಿದ್ರೆ ಇನ್ನೂ ಬೇಗ ಓಡ್ತಾರೆ!'

'ಓಡ್ಲಿ. ಸುರತ್ಕಲ್‌ವರೆಗೆ ಹೇಳಿದ್ರೆ ಓಡ್ತಾರೆ. ಮೂಲ್ಕಿವರೆಗೆ ಹೇಳಿದ್ರೂ ಓಡ್ತಾರೆ. ಬ್ರೆಜಿಲಿಗೆ ಬಸ್ಸುಂಟು ಅಂತ ಹೇಳಿದ್ರೆ?'

ಜಯ ಅವಳನ್ನೇ ನೋಡಿದ. ಮೊರಿಸ್ ಗಿಟಾರ್ ಎತ್ತಿಕೊಂಡ. ಅಂದು ಸಂಜೆ ಕತ್ತಲಾಗುವ ಮೊದಲೇ ಹಾಡು ಮುಗಿದಿತ್ತು, ಲೂರ್ಡ್ಸ್ ಬಾಯಿಯ ಆಗ್ರಹದ ಮೇರೆಗೆ ಒಂದು ಕಿಟಕಿಯೂ ಅದರಲ್ಲಿ ಸೇರಿತ್ತು.

ಆ ಹಾಡನ್ನು ಜನರ ಮುಂದೆ ಇಡುವ ಅವಕಾಶ ಬಂದದ್ದು ಅರುವತ್ತಮೂರರ ಫೆಬ್ರವರಿಯಲ್ಲಿ. ಸುರತ್ಕಲ್ಲಿನ ಒಂದು ಶಾಲೆಯ ಕಟ್ಟಡದ ಸಹಾಯಾರ್ಥ ಮೈದಾನದಲ್ಲಿ ಮನರಂಜನೆಯ ಕಾರ್ಯಕ್ರಮ, ಮಧ್ಯಾಹ್ನ ಮೂರಕ್ಕೆ ಆರಂಭ. ಪೇಟೆಯಿಂದ ಹೋಗುವವರಿಗೆ ಉಮರಬ್ಬನವರೇ ಎರಡು ಸ್ಪೆಶಲ್ ಬಸ್ಸು ಬಿಟ್ಟರು. ಹಿಂದಿನ ದಿನ ಅವರು ಜಯನನ್ನು ಕರೆಸಿದರು. ಈ ಸಲ ಚಹಾ ಮೂರು.

'ನಾಳೆ ನೀನು ಅಲ್ಲಿ ಹಾಡ್ಲಿಕ್ಕೆ ಉಂಟಂತೆ. ಹಾಡು. ಆದ್ರೆ ಎರಡೂ ಬಸ್ಸು ಆರು ಗಂಟೆಗೆ ಹೊರಡ್ಬೇಕು. ಆರು ಅಂದ್ರೆ ಆರು. ನಾನು ಹಿಂದೆ ನಿಂತು ಕೈ ಎತ್ತುತ್ತೇನೆ. ನೀನು ಹಾಡು ಎಲ್ಲಿದ್ದರೂ ನಿಲ್ಲಿಸಿ ಬಸ್ಸು ಕರೀಬೇಕು. ಕರೆದಿಯಾ, ನೀನು ನನ್ನ ಏಜೆಂಟ್. ಇಲ್ವಾ, ನಾಡಿದ್ದಿನಿಂದ ಬೇರೆ ಜನ ನೋಡಿಕೊಳ್ತೇನೆ. ಒಪ್ಪಿಗೆಯಾ?'

'ಒಪ್ಪಿಗೆ ಧಣಿಗಳೇ,' ಎಂದ ಜಯ. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ.

ಮೈದಾನ ತುಂಬಿತ್ತು. ಹೊಸದಾಗಿ ಬಂದ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಮುಂದೆ ನೆಲದ ಮೇಲೆ, ಪೇಟೆಯವರು ಬೆಂಚುಗಳ ಮೇಲೆ, ಹೆಂಗಸರು ಎಡಬದಿಯಲ್ಲಿ. ಅವರ ನಡುವೆ ದೇಯಿ, ಕಾರ್ಖಾನೆಗೆ ರಜೆ ಹಾಕಿ, ಪೆಟ್ಟಿಗೆಯೊಳಗಿನ ಸೀರೆ ಉಟ್ಟು. ಮಗ ಹಾಡುವುದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಭಾಷಣಗಳು ಒಂದರ ಬಾಲ ಹಿಡಿದು ಇನ್ನೊಂದು ಬಂದು, ಮೊರಿಸನ ಬ್ಯಾಂಡಿನ ಸರದಿ ಬರುವಾಗ ಆರಕ್ಕೆ ಐದೇ ನಿಮಿಷ ಉಳಿದಿತ್ತು. ಬಂಗುಡೆಯ ಹಾಡನ್ನು ಬಿಟ್ಟುಬಿಡುವುದು ಎಂದಾಯಿತು. ಇರುವುದು ಒಂದೇ ಹಾಡಿನಷ್ಟು ಹೊತ್ತು.

ಜಯ ಮೈಕಿನ ಮುಂದೆ ನಿಂತ. ಈ ಸಲ ಕಣ್ಣು ಮುಚ್ಚಲಿಲ್ಲ.

'ಕೊಟ್ಟಾರ ಕೂಳೂರು ಪಣಂಬೂರು ಸುರತ್ಕಲ್!'

ಎದ್ದರು. ಮೂವತ್ತು ನಲವತ್ತು ಜನ ಎದ್ದೇ ಬಿಟ್ಟರು. ಒಬ್ಬಾಕೆ ಸುರತ್ಕಲ್ಲಿನಲ್ಲಿ ನಿಂತುಕೊಂಡೇ ಸುರತ್ಕಲ್ಲಿನ ಬಸ್ಸಿಗೆ ಹೊರಟಳು. ಆದರೆ ಮೊರಿಸ್ ಕೈ ನಿಲ್ಲಿಸಲಿಲ್ಲ, ಎರಡು ಗಿಡ್ಡ ಪೆಟ್ಟು, ಒಂದು ಉದ್ದ ಪೆಟ್ಟು, ಮತ್ತು ಜಯ ಮುಂದುವರಿಸಿದ. ಮುಕ್ಕ, ಮೂಲ್ಕಿ. ಉಡುಪಿ, ಕುಂದಾಪುರ. ಎದ್ದು ಗೇಟಿನ ಕಡೆ ಹೊರಟವರು ಹೊರಟಲ್ಲೇ ನಿಂತರು. ಕುಂದಾಪುರಕ್ಕೆ ಉಮರಬ್ಬನವರ ಬಸ್ಸು ಹೋಗುವುದಿಲ್ಲವಲ್ಲ? ಕಾರವಾರ, ಬೊಂಬಾಯಿ! ಯಾರೋ ಕಿಸಕ್ಕೆಂದು ನಕ್ಕರು. ಬೊಂಬಾಯಿಯಲ್ಲಿ ಐದು ನಿಮಿಷ ಚಹಾಕ್ಕೆ ನಿಲ್ಲುತ್ತದೆ, ಅಲ್ಲಿಂದ ಮುಂದೆ ಕಡಲು, ಸೀರೆ ಎತ್ತಿಕೊಳ್ಳಿ ಅಕ್ಕ, ತಿಮಿಂಗಿಲಕ್ಕೆ ಅರ್ಧ ಟಿಕೆಟ್, ಕಿಟಕಿ ಮುಚ್ಚಿಕೊಳ್ಳಿ, ನೀರು ಹಾರ್ತದೆ, ಬ್ರೆಜಿಲ್ ಬ್ರೆಜಿಲ್ ಬ್ರೆಜೀಲ್!

ಮೈದಾನಕ್ಕೆ ಮೈದಾನವೇ ನಕ್ಕಿತು. ನಿಂತವರು ಒಬ್ಬೊಬ್ಬರಾಗಿ ಕುಳಿತರು. ಕುಳಿತರು! ಜಯ ಅದನ್ನು ಎರಡು ಕಣ್ಣಿನಿಂದ ನೋಡಿದ. ಕೊಡೆಗಳು ಮತ್ತೆ ಬೆಂಚಿನ ಕೆಳಗೆ ಹೋದವು, ಮಕ್ಕಳು ಮತ್ತೆ ಮಡಿಲಿಗೆ ಬಂದರು. ಹಾಡುತ್ತಲೇ ಅವನಿಗೆ ಅಳು ಬಂತು, ಅಳುತ್ತಲೇ ನಗು ಬಂತು, ಎರಡೂ ಸೇರಿ ದನಿ ಇನ್ನಷ್ಟು ಏರಿತು. ಮುದುಕರು ತೊಡೆ ತಟ್ಟುತ್ತಿದ್ದರು. ಒಂದಕ್ಷರ ತುಳು ಬಾರದ ಇಂಜಿನಿಯರಿಂಗ್ ಹುಡುಗರು ಊರುಗಳ ಹೆಸರನ್ನು ತಪ್ಪುತಪ್ಪಾಗಿ ಕೂಗುತ್ತಿದ್ದರು. ದೇಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲುಗಾಡದೆ ಕುಳಿತಿದ್ದಳು.

ಆಗ ಹಿಂದಿನ ಸಾಲಿನ ಆಚೆ ಕೈಯೊಂದು ಎದ್ದಿತು. ಉಮರಬ್ಬನವರ ಕೈ. ಗಂಟೆ ಆರು.

ಹಾಡಿನಲ್ಲಿ ಬಸ್ಸು ಇನ್ನೂ ಕಡಲ ಮಧ್ಯದಲ್ಲಿತ್ತು. ಆ ಕಡೆಯ ದಡ ಮುಟ್ಟಲು ಎರಡು ಚರಣ ಬಾಕಿ. ಜಯ ಆ ಕೈಯನ್ನು ಕಂಡ. ಆ ಕೈಯ ಕೆಳಗೆ ತನ್ನ ಮನೆಯ ಅನ್ನವಿದೆಯೆಂದೂ ಅವನಿಗೆ ಗೊತ್ತಿತ್ತು. ನಿಲ್ಲಿಸಿ ಒಂದು ಸಲ ನಿಜವಾದ ಕೂಗು ಕೂಗಿದರೆ ಕೆಲಸ ಉಳಿಯುತ್ತದೆ. ಆದರೆ ಮುಂದೆ ಐನೂರು ಜನ ಕುಳಿತಿದ್ದಾರೆ, ಜೀವಮಾನದಲ್ಲಿ ಮೊದಲ ಸಲ. ಅವನು ಮೊರಿಸನ ಕಡೆ ನೋಡಿದ. ಮೊರಿಸ್ ಗಿಟಾರ್ ನುಡಿಸುತ್ತಲೇ ಇದ್ದ.

ಜಯ ನಿಲ್ಲಿಸಲಿಲ್ಲ. ಕೆಲಸ ಹೋಯಿತು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಮುಂದಿನ ಚರಣ ಎತ್ತಿಕೊಂಡ. ಬಸ್ಸು ದಡ ಮುಟ್ಟಿತು. ಬ್ರೆಜಿಲಿನ ಹುಡುಗಿ ಕಿಟಕಿ ತೆರೆದು ಯಾವ ಊರಿನ ಬಸ್ಸೆಂದು ಕೇಳಿದಳು, ಇವನು ಹೇಳಿದ, ಅವಳು ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದು ಹತ್ತಿಕೊಂಡಳು. ಹಾಡು ಮುಗಿಯಿತು, ಸುರುವಿನಿಂದ ಕೊನೆಯವರೆಗೆ.

ಚಪ್ಪಾಳೆ ಬಿದ್ದಿತು. ಅದು ನಿಲ್ಲುವ ಮೊದಲೇ ಜಯ, ತಪ್ಪಿಗೆ ದಂಡ ಕಟ್ಟುವವನ ಹಾಗೆ, ಎರಡೂ ಕೈ ಬಾಯಿಗೆ ಹಿಡಿದು ಇದ್ದಬದ್ದ ಶಕ್ತಿಯಿಂದ ನಿಜವಾದ ಕೂಗು ಹಾಕಿದ. 'ಕೂಳೂರು ಕೊಟ್ಟಾರ ಹಂಪನಕಟ್ಟೇ! ರೈಟ್ ಪೋಯಿ!'

ಯಾರೂ ಏಳಲಿಲ್ಲ. ಇದು ಎರಡನೆಯ ಹಾಡೆಂದು ತಿಳಿದು ಎಲ್ಲರೂ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಿದರು.

'ಅಯ್ಯೋ, ಇದು ಪದ್ಯ ಅಲ್ಲ! ನಿಜವಾಗ್ಲೂ ಬಸ್ಸು ಹೊರಡ್ತದೆ!' ಎಂದು ಅಂಗಲಾಚಿದ. ಜನ ಇನ್ನಷ್ಟು ನಕ್ಕರು. ಹೊರಗೆ ಡ್ರೈವರ್ ನೋಣಯ್ಯ ತಾಳ್ಮೆಗೆಟ್ಟು ಹಾರ್ನ್ ಹೊಡೆದ. ಅದನ್ನೂ ಬ್ಯಾಂಡಿನವರದ್ದೇ ಎಂದುಕೊಂಡು ಹುಡುಗರು ಸಿಳ್ಳೆ ಹಾಕಿದರು. ಜಯ ಮೂರು ಸಲ ಕೂಗಿದ, ಮೂರು ಸಲವೂ ಚಪ್ಪಾಳೆಯೇ ಬಂತು. ಮಂಗಳೂರಿನ ಅತ್ಯಂತ ಒಳ್ಳೆಯ ಏಜೆಂಟ್ ಅಂದು ಒಬ್ಬನೇ ಒಬ್ಬ ಪ್ರಯಾಣಿಕನನ್ನು ಎಬ್ಬಿಸಲಾರದೆ ಹೋದ.

ಬೆವರು ಒರೆಸಿಕೊಂಡು ಅವನು ವೇದಿಕೆಯಿಂದ ಇಳಿದು, ಬೆಂಚುಗಳ ಬದಿಯಿಂದ ಹಿಂದಕ್ಕೆ ಹೋದ. ಉಮರಬ್ಬನವರು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಪ್ರೇಕ್ಷಕರು ಇವನ ಕಡೆಗೇ ತಿರುಗಿ ಇನ್ನೊಂದು ಹಾಡು, ಇನ್ನೊಂದು ಹಾಡು ಎಂದು ಕೂಗುತ್ತಿದ್ದರು.

'ಧಣಿಗಳೇ, ತಪ್ಪಾಯ್ತು.'

'ನಾನು ಕೈ ಎತ್ತಿದ್ದು ನೋಡಿದಿಯಾ?'

'ನೋಡಿದೆ.'

'ಆದ್ರೂ ನಿಲ್ಲಿಸ್ಲಿಲ್ಲ.'

'ಇಲ್ಲ ಧಣಿಗಳೇ.'

ಉಮರಬ್ಬ ತಲೆಯಾಡಿಸಿದರು. 'ಇನ್ನು ನಿನ್ನಿಂದ ಬಸ್ಸು ಕರೆಯುವ ಕೆಲಸ ಆಗುದಿಲ್ಲ ಜಯ. ನಾನು ಹೇಳುದಲ್ಲ, ನೀನೇ ಈಗ ನೋಡಿದಿಯಲ್ಲ. ನಾಳೆ ಆಫೀಸಿಗೆ ಬಾ. ಅಲ್ಲಿ ಪಾರ್ಸೆಲ್ ನೋಡಿಕೊಳ್ಳುವ ಜಾಗ ಖಾಲಿ ಉಂಟು. ಪಾರ್ಸೆಲ್ಲಿಗೆ ದನಿ ಬೇಡ, ಕಣ್ಣು ಸಾಕು. ನಿನ್ನ ಅಮ್ಮ ಉಪವಾಸ ಇರ್ಲಿಕ್ಕಿಲ್ಲ.'

ಜಯ ಎರಡೂ ಕೈ ಜೋಡಿಸಿದ. ಅಷ್ಟು ದೊಡ್ಡ ಗಂಟಲು ಒಂದು 'ಆಯ್ತು' ಹೇಳುವುದಕ್ಕೂ ಸಾಲದೆ ಹೋಯಿತು.

'ಈಗ ಹೋಗಿ ಇನ್ನೊಂದು ಹಾಡು,' ಎಂದರು ಉಮರಬ್ಬ.

'ಬಸ್ಸು? ಆರೂ ಹತ್ತಾಯ್ತು ಧಣಿಗಳೇ, ಬಸ್ಸು ಹೋಗ್ತದೆ!'

ಉಮರಬ್ಬ ಬೆಂಚಿನ ಮೇಲೆ ಕಾಲು ಮಡಚಿ ಸರಿಯಾಗಿ ಕುಳಿತುಕೊಂಡರು. 'ಬಸ್ಸು ಯಾರದ್ದು ಮಾರಾಯ? ನಾನು ಇಲ್ಲಿ ಕೂತಿದ್ದೇನಲ್ಲ.'